ಜಿಗಣೆಯ ನರಗಂಟಿಗೆ ಪೆಪ್ಟೈಡ್ ಹಾಕಿದಾಗ ಒಮ್ಮೆ ಲಯ ಏರುತ್ತದೆ, ಇನ್ನೊಮ್ಮೆ ಏನೂ ಆಗುವುದಿಲ್ಲ. ಯಾಕೆ?

ಪ್ರಶ್ನೆ: ಔಷಧೀಯ ಜಿಗಣೆಯ ನರಗಂಟುಗಳನ್ನು (ನರಕೋಶಗಳ ಗೊಂಚಲುಗಳನ್ನು) ಬಿಡಿಸಿ, ಅವುಗಳ ಮೇಲೆ ಎಫ್‌ಎಂಆರ್‌ಎಫ್‌ಅಮೈಡ್ ಎಂಬ ನ್ಯೂರೋಪೆಪ್ಟೈಡ್, ಅಂದರೆ ನರಕೋಶಗಳು ಬಿಡುವ ಅಮೈನೋ ಆಮ್ಲಗಳ ಕಿರುಸರಪಳಿ, ಹಾಕಿ ನೋಡುತ್ತಿದ್ದೇನೆ. ಕೆಲವು ಸಲ ಹೃದಯದ ನರಕೋಶಗಳ ಲಯ ವೇಗವಾಗುತ್ತದೆ, ಕೆಲವು ಸಲ ಏನೂ ಬದಲಾಗುವುದಿಲ್ಲ, ಒಮ್ಮೊಮ್ಮೆ ಲಯವೇ ಕೆಟ್ಟುಹೋಗುತ್ತದೆ. ಈ ಕೋಶಗಳಲ್ಲಿ ಅಸಿಟೈಲ್‌ಕೋಲಿನ್‌ನಂಥ ನ್ಯೂರೋಟ್ರಾನ್ಸ್‌ಮಿಟರ್ ಇದ್ದೇ ಇರುವಾಗ ಪೆಪ್ಟೈಡ್‌ಗೆ ಏನು ಕೆಲಸ? ನನ್ನ ಫಲಿತಾಂಶ ಹೀಗೆ ಚೆಲ್ಲಾಪಿಲ್ಲಿಯಾಗಲು ಕಾರಣವೇನು?

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಮೊದಲನೆಯದರಲ್ಲೇ ಅರ್ಧ ಸಿಗುತ್ತದೆ. ಅಸಿಟೈಲ್‌ಕೋಲಿನ್ ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ, ಮಿಲಿಸೆಕೆಂಡುಗಳಲ್ಲಿ ಅದರ ಕೆಲಸ ಮುಗಿಯುತ್ತದೆ. ಪೆಪ್ಟೈಡ್ ಬಹುಪಾಲು ಸುದ್ದಿ ಮುಟ್ಟಿಸುವುದೇ ಇಲ್ಲ. ಸುದ್ದಿ ಬಂದಾಗ ಕೋಶ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು, ಅಂದರೆ ಕೋಶಪೊರೆಯ ಅಯಾನು ಪ್ರವಾಹಗಳನ್ನು, ನಿಮಿಷಗಟ್ಟಲೆ ಬದಲಿಸಿಡುತ್ತದೆ. ಹಾಗಾಗಿ ಒಂದೇ ಪೆಪ್ಟೈಡ್‌ನ ಪರಿಣಾಮ ಯಾವ ನರಗಂಟು, ಯಾವ ಕೋಶ, ಆ ಹೊತ್ತಿಗೆ ಆ ಕೋಶ ಯಾವ ಸ್ಥಿತಿಯಲ್ಲಿತ್ತು ಎಂಬುದರ ಮೇಲೆ ನಿಲ್ಲುತ್ತದೆ. ಉಳಿದರ್ಧ ತೊಂದರೆ ಸೀಸೆಯಲ್ಲೋ, ನರಗಂಟಿನ ಹೊದಿಕೆಯಲ್ಲೋ ಇರುತ್ತದೆ. ಅದಕ್ಕೆ ಆಮೇಲೆ ಬರೋಣ.

ಜಿಗಣೆಯ ನರವ್ಯೂಹದಲ್ಲಿ ತಲೆಯ ಮಿದುಳು, ಬಾಲದ ಮಿದುಳು, ಇವೆರಡರ ನಡುವೆ ಸರಪಳಿಯಾಗಿ 21 ನರಗಂಟುಗಳಿವೆ. ಒಂದೊಂದರಲ್ಲಿ ಸುಮಾರು 400 ನರಕೋಶಗಳು. ಪ್ರಜನನಾಂಗಗಳಿರುವ 5 ಮತ್ತು 6ನೇ ಗಂಟುಗಳಲ್ಲಿ ಮಾತ್ರ ಇದಕ್ಕಿಂತ ಬಹಳ ಹೆಚ್ಚು. ಒಂದು ಜಿಗಣೆಯಲ್ಲಿ ಗುರುತಿಸಿದ ಕೋಶವನ್ನು ಇನ್ನೊಂದರಲ್ಲಿ ಅದೇ ಜಾಗದಲ್ಲಿ ಹುಡುಕಿಕೊಳ್ಳಬಹುದು ಎಂಬುದೇ ಈ ಪ್ರಾಣಿಯ ಬೆಲೆ. ಹಳೆಯ ಪ್ರಬಂಧಗಳನ್ನು ಓದುವಾಗ ಒಂದು ಎಚ್ಚರ ಬೇಕು: ಮಾರಾಟಕ್ಕೆ ಬರುತ್ತಿದ್ದ 'ಹಿರುಡೊ ಮೆಡಿಸಿನಾಲಿಸ್' ಬಹುಪಾಲು 'ಹಿರುಡೊ ವರ್ಬಾನಾ' ಎಂದು 2007ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ತಿಳಿಯಿತು. ನಿಮ್ಮ ಪೆಪ್ಟೈಡ್ ಅನುಕ್ರಮವನ್ನು ಜೀನೋಮ್ ಜೊತೆ ಹೋಲಿಸುವಾಗ ಇದು ನೆನಪಿರಲಿ.

ಎಫ್‌ಎಂಆರ್‌ಎಫ್‌ಅಮೈಡ್ ಎಂದರೆ ಫಿನೈಲ್‌ಅಲನೀನ್, ಮೆಥಿಯೊನೀನ್, ಆರ್ಜಿನೀನ್, ಮತ್ತೆ ಫಿನೈಲ್‌ಅಲನೀನ್. ಕೊನೆಯಲ್ಲಿ ಒಂದು ಅಮೈಡ್. ಪ್ರೈಸ್ ಮತ್ತು ಗ್ರೀನ್‌ಬರ್ಗ್ 1977ರಲ್ಲಿ ಇದನ್ನು ಕಡಲ ಚಿಪ್ಪುಜೀವಿಯೊಂದರ ನರಗಂಟುಗಳಿಂದ ಬೇರ್ಪಡಿಸಿದರು. ಜಿಗಣೆಯಲ್ಲಿ ಇದೊಂದೇ ಇಲ್ಲ. ಮೆಥಿಯೊನೀನ್ ಜಾಗದಲ್ಲಿ ಲ್ಯೂಸಿನ್ ಇರುವ ಎಫ್‌ಎಲ್‌ಆರ್‌ಎಫ್‌ಅಮೈಡ್, ಮೊದಲ ಸ್ಥಾನದಲ್ಲಿ ಟೈರೋಸಿನ್ ಇರುವ ವೈಎಂಆರ್‌ಎಫ್‌ಅಮೈಡ್ ಮತ್ತು ವೈಎಲ್‌ಆರ್‌ಎಫ್‌ಅಮೈಡ್, ಉದ್ದನೆಯ ಜಿಜಿಕೆವೈಎಂಆರ್‌ಎಫ್‌ಅಮೈಡ್ ಇವೆಲ್ಲ 1991ರ ಹೊತ್ತಿಗೆ ಸಿಕ್ಕಿದ್ದವು. ಈ ಕುಟುಂಬದಲ್ಲಿ ಕೋಶಪೊರೆಯ ಗ್ರಾಹಕ (ಪೆಪ್ಟೈಡ್ ಬಂದು ಕೂರುವ ಪ್ರೋಟೀನ್) ಹಿಡಿಯುವುದು ಮುಖ್ಯವಾಗಿ ಕೊನೆಯ ಆರ್ಜಿನೀನ್, ಫಿನೈಲ್‌ಅಲನೀನ್ ಮತ್ತು ಅಮೈಡನ್ನು. ಅಮೈಡ್ ತೆಗೆದು ಆಮ್ಲರೂಪಕ್ಕೆ ತಂದರೆ ಪೆಪ್ಟೈಡ್ ಬಹುಮಟ್ಟಿಗೆ ಸತ್ತಂತೆ. ಪ್ರಯೋಗಕ್ಕೆ ಇದೊಂದು ಅನುಕೂಲವೂ ಹೌದು.

ಪೆಪ್ಟೈಡ್ ತಯಾರಾಗುವುದು ನರತುದಿಯಲ್ಲಲ್ಲ, ಕೋಶಕಾಯದಲ್ಲಿ. ಮೊದಲು ಒಂದು ಉದ್ದ ಪ್ರೋಟೀನ್ ಆಗಿ ಹುಟ್ಟುತ್ತದೆ. ಲೈಸಿನ್, ಆರ್ಜಿನೀನ್ ಜೋಡಿ ಇರುವ ಕಡೆ ಕಿಣ್ವಗಳು ಅದನ್ನು ಕತ್ತರಿಸುತ್ತವೆ, ತುದಿಯಲ್ಲಿ ಉಳಿದ ಗ್ಲೈಸೀನ್ ಅಮೈಡ್ ಆಗಿ ಬದಲಾಗುತ್ತದೆ. ಆಮೇಲೆ ದೊಡ್ಡ, ನಡು ದಟ್ಟವಾದ ವೆಸಿಕಲ್‌ಗಳಲ್ಲಿ (ಪೊರೆಯ ಪುಟ್ಟ ಚೀಲಗಳಲ್ಲಿ) ತುಂಬಿ ಆಕ್ಸಾನ್‌ಗುಂಟ ಸಾಗಿಸಬೇಕು. ಖರ್ಚಾದ ಪೆಪ್ಟೈಡನ್ನು ತುದಿಯಲ್ಲೇ ಮರಳಿ ಹೀರಿಕೊಂಡು ತುಂಬಿಸುವ ವ್ಯವಸ್ಥೆ ಇಲ್ಲ. ಈ ದೊಡ್ಡ ವೆಸಿಕಲ್‌ಗಳು ಸಿನಾಪ್ಸ್‌ನ ಸಕ್ರಿಯ ವಲಯದಿಂದ ದೂರ ಇರುವುದರಿಂದ ಒಂಟಿ ಸ್ಪೈಕ್‌ಗೆ (ಕೋಶದ ಒಂದು ವಿದ್ಯುತ್ ಮಿಡಿತಕ್ಕೆ) ಜಗ್ಗುವುದಿಲ್ಲ, ಒಂದರ ಹಿಂದೊಂದು ಸ್ಪೈಕ್ ಬಂದು ಕ್ಯಾಲ್ಸಿಯಂ ಒಳಗೆ ಹರಡಬೇಕು. ಜಿಗಣೆಯಲ್ಲಿ ಇದನ್ನು ಚೆನ್ನಾಗಿ ತೋರಿಸಿರುವುದು ರೆಟ್ಜಿಯಸ್ ಎಂಬ ದೊಡ್ಡ ನರಕೋಶದ ಸೆರೊಟೋನಿನ್ ವಿಷಯದಲ್ಲಿ: ಕೋಶಕಾಯದ ದಟ್ಟ ವೆಸಿಕಲ್‌ಗಳು ಸೆಕೆಂಡಿಗೆ 10–20 ಸ್ಪೈಕ್‌ಗಳ ಸಾಲಿಗೆ ತೆರೆದುಕೊಳ್ಳುತ್ತವೆ, ಸೆಕೆಂಡಿಗೆ 1 ಬಂದರೆ ಇಲ್ಲ. ಸೆರೊಟೋನಿನ್ ಪೆಪ್ಟೈಡ್ ಅಲ್ಲ, ಆದರೂ ಬಿಡುಗಡೆಯ ನಿಯಮ ಇಂಥದ್ದೇ. ಪೆಪ್ಟೈಡ್ ಇರುವ ಕೋಶವನ್ನು ನಿಧಾನವಾಗಿ ಚುಚ್ಚಿ ಪ್ರಚೋದಿಸಿ 'ಏನೂ ಬರಲಿಲ್ಲ' ಎನ್ನುವುದಕ್ಕೆ ಅರ್ಥವಿಲ್ಲ.

ಈಗ ಹೃದಯದ ಮಾತು. ಜಿಗಣೆಯ ಇಕ್ಕೆಲದಲ್ಲೂ ಉದ್ದಕ್ಕೆ ಒಂದೊಂದು ಸ್ನಾಯುಕೊಳವೆ ಇದೆ, ಅದೇ ಹೃದಯ. 3ರಿಂದ 18ನೇ ಗಂಟಿನವರೆಗೆ ಪ್ರತಿಯೊಂದರಲ್ಲೂ ಒಂದು ಜೋಡಿ ಎಚ್‌ಇ ಚಾಲಕ ಕೋಶಗಳು ಇದಕ್ಕೆ ಎಳೆ ಕಳಿಸುತ್ತವೆ. ಎಚ್‌ಇ ಕೋಶಗಳು ತಾವಾಗಿ ಎಡೆಬಿಡದೆ ಸ್ಪೈಕ್ ಹೊಡೆಯುವಂಥವು. ಎಚ್‌ಎನ್ ಎಂಬ ಅಂತರಕೋಶಗಳು ಅವನ್ನು ಆವರ್ತಕ್ಕೊಮ್ಮೆ ಅದುಮಿ ಹಿಡಿಯುವುದರಿಂದ ಲಯ ಮೂಡುತ್ತದೆ. ಆ ಲಯದ ಬೇರು 3 ಮತ್ತು 4ನೇ ಗಂಟುಗಳಲ್ಲಿದೆ. ಅಲ್ಲಿ ಎಡ ಮತ್ತು ಬಲದ ಎಚ್‌ಎನ್ ಕೋಶಗಳು ಒಂದನ್ನೊಂದು ತಡೆಯುತ್ತ ಸರದಿಯಂತೆ ಸ್ಪೈಕ್ ಗುಂಪು ಹೊಡೆಯುತ್ತವೆ. ಒಂದು ಆವರ್ತ ಸುಮಾರು 5ರಿಂದ 10 ಸೆಕೆಂಡ್. ಬಿಡಿಸಿ ತೆಗೆದ 3ನೇ ಅಥವಾ 4ನೇ ಗಂಟು ಒಂಟಿಯಾಗಿದ್ದರೂ ಇದು ನಡೆಯುತ್ತದೆ.

ನಿಮ್ಮ 'ಏನೂ ಆಗಲಿಲ್ಲ' ಎಂಬ ದಾಖಲೆಗಳಲ್ಲಿ ಎಷ್ಟು ಬೇರೆ ಗಂಟುಗಳವು ಎಂದು ಮೊದಲು ನೋಡಿ. 10ನೇ ಗಂಟನ್ನು ಕತ್ತರಿಸಿ ತಂದು ಎಚ್‌ಇ ಕೋಶದಿಂದ ದಾಖಲಿಸಿದರೆ, ಅದನ್ನು ತಡೆಯುವ ಎಚ್‌ಎನ್ ಎಳೆಗಳೇ ತುಂಡಾಗಿರುತ್ತವೆ. ಇಲ್ಲದ ಲಯವನ್ನು ಪೆಪ್ಟೈಡ್ ಎಲ್ಲಿಂದ ಏರಿಸಬೇಕು? ಎಣಿಕೆ ತಪ್ಪುವುದೂ ಸಾಮಾನ್ಯ. ಅನ್ನನಾಳದ ಕೆಳಗಿನ ಕೂಡಿಕೊಂಡ ದೊಡ್ಡ ಗಂಟು ತಲೆಯ ಮಿದುಳಿಗೆ ಸೇರಿದ್ದು, ಅದನ್ನು 1 ಎಂದು ಎಣಿಸಬಾರದು. ಪ್ರಜನನಾಂಗಗಳ ಪಕ್ಕದ, ಗಾತ್ರದಲ್ಲಿ ದೊಡ್ಡದಾದ 5 ಮತ್ತು 6ನ್ನು ಗುರುತಿಸಿ ಅಲ್ಲಿಂದ ತಲೆಯ ಕಡೆಗೆ ಇಳಿಕೆಯಲ್ಲಿ ಎಣಿಸಿದರೆ ತಪ್ಪುವುದಿಲ್ಲ.

ಎಫ್‌ಎಂಆರ್‌ಎಫ್‌ಅಮೈಡ್ ಈ ಮಂಡಲದಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಕೈಹಾಕುತ್ತದೆ. ಎಚ್‌ಎನ್ ಕೋಶಗಳಲ್ಲಿ ಅದು ಪೊಟ್ಯಾಸಿಯಂನ ನಿಧಾನವಾದ ಹೊರಪ್ರವಾಹವೊಂದನ್ನು ಎಬ್ಬಿಸುತ್ತದೆ. ಸ್ಪೈಕ್ ಗುಂಪು ನಡೆಯುತ್ತಿರುವಾಗ ಈ ಪ್ರವಾಹ ಮೆಲ್ಲಗೆ ಬೆಳೆದು ಗುಂಪನ್ನು ಬೇಗ ಮುಗಿಸುತ್ತದೆ, ಎದುರು ಕೋಶಕ್ಕೆ ಸರದಿ ಬೇಗ ಸಿಗುತ್ತದೆ, ಆವರ್ತ ಚಿಕ್ಕದಾಗುತ್ತದೆ. ಪೊಟ್ಯಾಸಿಯಂ ಪ್ರವಾಹ ಕೋಶವನ್ನು ತಣಿಸುವಂಥದ್ದು, ಆದರೂ ಲಯ ಏರುತ್ತದೆ. ಇದನ್ನು ಒಂಟಿ ಕೋಶದ ದೃಷ್ಟಿಯಿಂದ ನೋಡಿದವರಿಗೆ ಗೊಂದಲವಾಗುತ್ತದೆ, ಜೋಡಿಯಾಗಿ ನೋಡಿದರೆ ಸರಿಹೋಗುತ್ತದೆ. ಪ್ರಮಾಣ ಹೆಚ್ಚಿಸುತ್ತ ಹೋದರೆ ಇದೇ ಪೆಪ್ಟೈಡ್ ಸರದಿಯನ್ನು ಮುರಿಯುತ್ತದೆ. ನೀವು ಕಂಡ 'ಕೆಟ್ಟ ಲಯ' ಅದೇ ಇರಬಹುದು. 1 ಮೈಕ್ರೋಮೋಲಾರ್‌ನಿಂದ ಮೇಲಕ್ಕೆ ಹೋಗುವ ಮೊದಲು 0.1ರಿಂದ ಶುರುಮಾಡಿ.

ಹೃದಯದ ಸ್ನಾಯುವಿನಲ್ಲಿ ಚಿತ್ರ ಬೇರೆಯೇ. ಎಚ್‌ಇ ಕೋಶಗಳು ಅಸಿಟೈಲ್‌ಕೋಲಿನ್ ಜೊತೆಗೆ ಈ ಕುಟುಂಬದ ಪೆಪ್ಟೈಡನ್ನೂ ಇಟ್ಟುಕೊಂಡಿರುತ್ತವೆ. 5 ಮತ್ತು 6ನೇ ಗಂಟುಗಳಲ್ಲಿರುವ ಎಚ್‌ಎ ಎಂಬ ಕೋಶಗಳಲ್ಲೂ ಅದು ಇದೆ. ಎಚ್‌ಎ ಕೋಶಗಳು ಬಡಿತವನ್ನು ಒಂದೊಂದಾಗಿ ನಡೆಸುವುದಿಲ್ಲ. ಅವನ್ನು ಪ್ರಚೋದಿಸಿದರೆ ಬಡಿತದ ಬಿಗಿ ಹೆಚ್ಚುತ್ತದೆ, ಸ್ನಾಯುವಿನ ಸ್ವಂತ ಲಯ ಚುರುಕಾಗುತ್ತದೆ. ನರಸಂಪರ್ಕ ಕಡಿದ ಹೃದಯದ ತುಂಡಿಗೆ ಎಫ್‌ಎಂಆರ್‌ಎಫ್‌ಅಮೈಡ್ ಹಾಕಿದಾಗಲೂ ಹೀಗೇ ಆಗುತ್ತದೆ, ಸುಮ್ಮನಿದ್ದ ತುಂಡು ಬಡಿಯಲು ತೊಡಗುವುದುಂಟು. ಬಿಡಿಬಿಡಿಯಾಗಿಸಿದ ಹೃದಯ ಸ್ನಾಯುಕೋಶದಲ್ಲಿ ಇದು ಸೋಡಿಯಂನ ಒಳಪ್ರವಾಹ ಹುಟ್ಟಿಸಿ ಕೋಶವನ್ನು ವಿಧ್ರುವೀಕರಿಸುತ್ತದೆ, ಅಂದರೆ ಕೆರಳುವ ಕಡೆಗೆ ತಳ್ಳುತ್ತದೆ. ನರಕೋಶದಲ್ಲಿ ಹೊರಪ್ರವಾಹ, ಸ್ನಾಯುವಿನಲ್ಲಿ ಒಳಪ್ರವಾಹ, ಪೆಪ್ಟೈಡ್ ಒಂದೇ. ಆದ್ದರಿಂದ 'ಎಫ್‌ಎಂಆರ್‌ಎಫ್‌ಅಮೈಡ್ ಪ್ರಚೋದಕವೋ ತಡೆಯೋ' ಎಂದು ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಯೇ ಸರಿಯಿಲ್ಲ.

ಮಯೋಮಾಡ್ಯುಲಿನ್ ಜೊತೆ ಹೋಲಿಸಿ ನೋಡುವುದು ಒಳ್ಳೆಯದು. ಮೂಲತಃ ಅಪ್ಲೀಸಿಯಾ ಎಂಬ ಕಡಲ ಜೀವಿಯಲ್ಲಿ ಕಂಡ ಈ ಪೆಪ್ಟೈಡ್‌ನ ಜಿಗಣೆ ರೂಪ ಜಿಎಂಜಿಎಎಲ್‌ಆರ್‌ಎಲ್‌ಅಮೈಡ್. ಇದೂ ಎಚ್‌ಎನ್ ಲಯವನ್ನು ಏರಿಸುತ್ತದೆ, ಆದರೆ ದಾರಿ ಬೇರೆ. ಟೋಬಿನ್ ಮತ್ತು ಕಲಬ್ರೀಸ್ 2005ರಲ್ಲಿ ತೋರಿಸಿದಂತೆ ಇದು ಸೋಡಿಯಂ–ಪೊಟ್ಯಾಸಿಯಂ ಪಂಪನ್ನು ತಗ್ಗಿಸುತ್ತದೆ ಮತ್ತು ಅತಿಧ್ರುವೀಕರಣಕ್ಕೆ (ಕೋಶದೊಳಗಿನ ವೋಲ್ಟೇಜ್ ಇನ್ನಷ್ಟು ಋಣವಾದಾಗ) ತೆರೆದುಕೊಳ್ಳುವ ಎಚ್ ಪ್ರವಾಹ ಎಂಬ ಒಳಪ್ರವಾಹವನ್ನು ಹೆಚ್ಚಿಸುತ್ತದೆ. ಪಂಪ್ ಪ್ರತಿ ಸುತ್ತಿಗೆ 3 ಸೋಡಿಯಂ ಹೊರಹಾಕಿ 2 ಪೊಟ್ಯಾಸಿಯಂ ಒಳತರುವುದರಿಂದ ಅದೇ ಒಂದು ಹೊರಪ್ರವಾಹ. ಅದನ್ನು ತಗ್ಗಿಸಿ ಎಚ್ ಪ್ರವಾಹ ಹೆಚ್ಚಿಸಿದರೆ ತಡೆಗೆ ಸಿಕ್ಕ ಕೋಶ ಅದರಿಂದ ಬೇಗ ತಪ್ಪಿಸಿಕೊಳ್ಳುತ್ತದೆ. ಆವರ್ತದ ಉದ್ದವನ್ನಷ್ಟೇ ಅಳೆದರೆ ಈ ಎರಡು ಪೆಪ್ಟೈಡ್‌ಗಳು ಒಂದೇ ಎನಿಸುತ್ತವೆ. ಗುಂಪಿನ ಅವಧಿ, ಗುಂಪಿನೊಳಗಿನ ಸ್ಪೈಕ್ ವೇಗ, ಗುಂಪುಗಳ ನಡುವಿನ ಬಿಡುವು ಇವನ್ನು ಬೇರೆಬೇರೆಯಾಗಿ ಬರೆದಿಡಿ.

ಇನ್ನು ಕೈಕೆಲಸ. ಸಲೈನ್‌ಗೆ 1 ಲೀಟರ್ ಲೆಕ್ಕ: ಸೋಡಿಯಂ ಕ್ಲೋರೈಡ್ 115 ಮಿಲಿಮೋಲಾರ್, ಅಂದರೆ 6.72 ಗ್ರಾಂ; ಪೊಟ್ಯಾಸಿಯಂ ಕ್ಲೋರೈಡ್ 4, ಅಂದರೆ 0.30 ಗ್ರಾಂ, ಎರಡು ನೀರಿನಣು ಇರುವ ಕ್ಯಾಲ್ಸಿಯಂ ಕ್ಲೋರೈಡ್ 1.7, ಅಂದರೆ 0.25 ಗ್ರಾಂ, ಗ್ಲೂಕೋಸ್ 10, ಅಂದರೆ 1.80 ಗ್ರಾಂ, ಪಿಎಚ್ ಸ್ಥಿರವಾಗಿಡುವ ಹೆಪೆಸ್ 10, ಅಂದರೆ 2.38 ಗ್ರಾಂ. ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 7.4ಕ್ಕೆ ತನ್ನಿ. ಜಿಗಣೆಯನ್ನು ಮಂಜುಗಡ್ಡೆಯಲ್ಲಿ ಅಲುಗಾಡದಂತಾಗುವವರೆಗೆ ತಣಿಸಿ, ಬೆನ್ನು ಮೇಲಾಗಿ ಪಿನ್ ಮಾಡಿ ನಡುಗೆರೆಯಲ್ಲಿ ಸೀಳಿ. ಇತ್ತೀಚೆಗೆ ರಕ್ತ ಕುಡಿದ ಜಿಗಣೆ ಬೇಡ, ಹೊಟ್ಟೆ ಒಡೆದು ಇಡೀ ತಟ್ಟೆ ಹಾಳಾಗುತ್ತದೆ. ನರಹುರಿ ಕಪ್ಪು ರಕ್ತನಾಳವೊಂದರ ಒಳಗೆ ಇರುತ್ತದೆ, ಅದನ್ನು ಉದ್ದಕ್ಕೆ ಬಿಚ್ಚಬೇಕು.

ಗಂಟಿನ ಮೇಲಿನ ಹೊದಿಕೆಯನ್ನು ತೆಗೆಯುವುದೇ ಇಲ್ಲಿ ನಾಜೂಕಿನ ಹಂತ, ಬಹಳ ಜನ ಬಿಟ್ಟುಬಿಡುವುದೂ ಇದನ್ನೇ. ಹೊದಿಕೆ ಇದ್ದರೆ ಪೆಪ್ಟೈಡ್ ಒಳಗೆ ಸೇರುವುದು ನಿಧಾನ, ಸೇರುವಷ್ಟರಲ್ಲಿ ಅಂಗಾಂಶದ ಪೆಪ್ಟಿಡೇಸ್‌ಗಳು ಅದನ್ನು ಕಡಿದುಹಾಕುತ್ತಿರುತ್ತವೆ. ಕೆಳಮುಖ ಮೇಲಾಗಿ ಪಿನ್ ಮಾಡಿ, ಅತಿ ಸಣ್ಣ ಕತ್ತರಿಯಿಂದ ಹೊದಿಕೆಯನ್ನಷ್ಟೇ ಎತ್ತಿ ಕತ್ತರಿಸಿ. ಎಚ್‌ಎನ್ ಕೋಶಕಾಯಗಳು ಗಂಟಿನ ಹಿಂದಿನ ಪಕ್ಕದ ಮೂಲೆಯಲ್ಲಿ ಸಿಗುತ್ತವೆ. ಕತ್ತರಿ ತುದಿ ಕೆಳಗಿಳಿದರೆ ಕೋಶಗಳು ಊದಿಕೊಂಡು ಮಸುಕಾಗುತ್ತವೆ. ಅಂಥ ಗಂಟಿನಿಂದ ಬಂದ ಯಾವ ಅಂಕಿಯನ್ನೂ ನಂಬಬೇಡಿ.

ದಾಖಲಿಸುವ ವಿಧಾನವೂ ಫಲಿತಾಂಶವನ್ನು ಬದಲಿಸುತ್ತದೆ. ಚೂಪು ಎಲೆಕ್ಟ್ರೋಡ್ ಚುಚ್ಚಿದಾಗ ಪೊರೆಯಲ್ಲಿ ಸಣ್ಣದೊಂದು ಸೋರಿಕೆ ಆಗುತ್ತದೆ. ಎಚ್‌ಎನ್ ಕೋಶಗಳು ಇಂಥ ಸೋರಿಕೆಗೆ ಬಹಳ ಸೂಕ್ಷ್ಮ. ಪರಸ್ಪರ ತಡೆಯನ್ನು ಬೈಕ್ಯುಕ್ಯುಲಿನ್ ಎಂಬ ರಾಸಾಯನಿಕದಿಂದ ನಿಲ್ಲಿಸಿದಾಗ, ಹೊರಗಿನಿಂದ ದಾಖಲಿಸಿದರೆ ಒಂಟಿ ಕೋಶವೂ ಗುಂಪು ಹೊಡೆಯುವುದು ಕಾಣುತ್ತದೆ. ಅದೇ ಕೋಶವನ್ನು ಚುಚ್ಚಿದರೆ ಎಡೆಬಿಡದೆ ಸ್ಪೈಕ್ ಹೊಡೆಯತೊಡಗುತ್ತದೆ. ಚುಚ್ಚಿದ ಕೋಶಗಳ ಮತ್ತು ಚುಚ್ಚದ ಕೋಶಗಳ ಫಲಿತಾಂಶವನ್ನು ಒಂದೇ ಕೋಷ್ಟಕದಲ್ಲಿ ಸರಾಸರಿ ತೆಗೆದಿದ್ದರೆ ಅದನ್ನು ಬೇರ್ಪಡಿಸಿ. ಕೇವಲ ಲಯ ಬೇಕಿದ್ದರೆ ಕೋಶಕಾಯಕ್ಕೆ ಹಗುರವಾಗಿ ತಾಗಿಸುವ ಹೀರು ಎಲೆಕ್ಟ್ರೋಡ್ ಸಾಕು.

ಪೆಪ್ಟೈಡ್ ಸೀಸೆಯ ಲೆಕ್ಕ ಹೀಗೆ. ಎಫ್‌ಎಂಆರ್‌ಎಫ್‌ಅಮೈಡ್‌ನ ಅಣುತೂಕ 598.8. 1 ಮಿಲಿಗ್ರಾಂ ಶುದ್ಧ ಪೆಪ್ಟೈಡ್ 1.67 ಮಿಲಿಲೀಟರ್ ನೀರಿನಲ್ಲಿ ಕರಗಿದರೆ 1 ಮಿಲಿಮೋಲಾರ್. ಆದರೆ ಸೀಸೆಯ ಪುಡಿಯಲ್ಲಿ ಲವಣ, ನೀರು, ಟ್ರೈಫ್ಲೋರೋಅಸೆಟಿಕ್ ಆಮ್ಲದ ಪಾಲೂ ಇರುತ್ತದೆ. ಪ್ರಮಾಣಪತ್ರದಲ್ಲಿ ನಿವ್ವಳ ಪೆಪ್ಟೈಡ್ 75 ಶೇಕಡ ಎಂದಿದ್ದರೆ 1.25 ಮಿಲಿಲೀಟರ್ ಮಾತ್ರ ಹಾಕಬೇಕು. ಶುದ್ಧತೆ 98 ಶೇಕಡ ಎಂಬ ಅಂಕಿ ಇದಲ್ಲ, ಅದು ಬೇರೆ ಲೆಕ್ಕ. ಚಿಕ್ಕ ಪಾಲುಗಳಾಗಿ ಹಂಚಿ ಹೆಪ್ಪುಗಟ್ಟಿಸಿಡಿ, ಕರಗಿಸಿದ್ದನ್ನು ಮತ್ತೆ ಫ್ರೀಜರ್‌ಗೆ ಇಡಬೇಡಿ. ಅಂದಿನ ಸಲೈನ್‌ನಲ್ಲಿ 1000 ಪಟ್ಟು ತೆಳುಮಾಡಿದರೆ 1 ಮೈಕ್ರೋಮೋಲಾರ್. ತೆಳು ದ್ರಾವಣದಲ್ಲಿ ಪೆಪ್ಟೈಡ್ ಗಾಜಿಗೂ ಕೊಳವೆಗೂ ಅಂಟಿಕೊಳ್ಳುತ್ತದೆ, ಆದ್ದರಿಂದ ಹಾಕುವ ಮುಂಚೆ ತಯಾರಿಸಿ. ಹಳೆಯ ಸೀಸೆಯಲ್ಲಿ ಮೆಥಿಯೊನೀನ್ ಆಕ್ಸಿಡೀಕರಣಗೊಂಡಿರಬಹುದೆಂಬ ಅನುಮಾನವಿದ್ದರೆ ಎಫ್‌ಎಲ್‌ಆರ್‌ಎಫ್‌ಅಮೈಡ್ ಹಾಕಿ ನೋಡಿ. ಅದರಲ್ಲಿ ಮೆಥಿಯೊನೀನ್ ಇಲ್ಲ, ಜಿಗಣೆಗೂ ಸ್ವಂತದ್ದು.

ಹಾಕುವ ಕ್ರಮ ಹೀಗಿರಲಿ: ಕನಿಷ್ಠ 10 ನಿಮಿಷ ಬರಿ ಸಲೈನ್, ಆಮೇಲೆ ಆಮ್ಲರೂಪದ ನಿಷ್ಕ್ರಿಯ ಪೆಪ್ಟೈಡ್, ತೊಳೆದು ನಿಜ ಪೆಪ್ಟೈಡ್ 5–10 ನಿಮಿಷ, ಬಳಿಕ ಅರ್ಧ ಗಂಟೆ ತೊಳೆತ. ದ್ರಾವಣ ಬದಲಿಸಿದಾಗ ಹರಿವಿನ ವೇಗವಾಗಲಿ ಉಷ್ಣತೆಯಾಗಲಿ ಬದಲಾಗಬಾರದು. ಬೆಚ್ಚಗಾದರೂ ಲಯ ಏರುತ್ತದೆ, ಪೆಪ್ಟೈಡ್‌ಗೆ ಸುಮ್ಮನೆ ಹೆಸರು ಬರುತ್ತದೆ. ಒಂದೇ ಗಂಟಿಗೆ ಮತ್ತೆ ಮತ್ತೆ ಹಾಕಿದರೆ ಗ್ರಾಹಕ ಮಂಕಾಗಿ ಎರಡನೆಯ, ಮೂರನೆಯ ಸಲದ ಪರಿಣಾಮ ಕುಗ್ಗಬಹುದು. ಸಾಧ್ಯವಾದರೆ ಒಂದು ಗಂಟಿಗೆ ಒಂದೇ ಪ್ರಮಾಣ.

ಪೆಪ್ಟೈಡ್ ಯಾವ ಕೋಶದಲ್ಲಿದೆ ಎಂದು ಪ್ರತಿಕಾಯ ಬಳಸಿ ನೋಡುವ ಯೋಚನೆ ಇದ್ದರೆ, ಅದು ಗುರುತಿಸುವುದು ಹೆಚ್ಚಾಗಿ ಕೊನೆಯ ಆರ್‌ಎಫ್‌ಅಮೈಡ್ ಭಾಗವನ್ನು. ಕುಟುಂಬದ ಎಲ್ಲವೂ, ಹೊರಗಿನ ಕೆಲವೂ ಬಣ್ಣ ಹಿಡಿಯುತ್ತವೆ. 'ಎಫ್‌ಎಂಆರ್‌ಎಫ್‌ಅಮೈಡ್ ಮಾದರಿಯ' ಎಂದು ಬರೆಯುವುದು ಅದಕ್ಕೇ. ದ್ರವ್ಯರಾಶಿ ಮಾಪನಕ್ಕೆ ಹೋದರೆ ಜಿಗಣೆಯಲ್ಲಿ ಒಂದು ವಿಚಿತ್ರ ಬಲೆ ಕಾದಿರುತ್ತದೆ. ಎಫ್‌ಎಂಆರ್‌ಎಫ್‌ಅಮೈಡ್ 599.3ರಲ್ಲಿ ಕಾಣುತ್ತದೆ, ಆಕ್ಸಿಡೀಕರಣಗೊಂಡರೆ 615.3. ವೈಎಂಆರ್‌ಎಫ್‌ಅಮೈಡ್ ಕಾಣುವುದೂ 615.3ರಲ್ಲೇ, ಏಕೆಂದರೆ ಟೈರೋಸಿನ್ ಎಂದರೆ ಒಂದು ಆಮ್ಲಜನಕ ಹೆಚ್ಚಿಗೆ ಇರುವ ಫಿನೈಲ್‌ಅಲನೀನ್. ಪರಮಾಣುಗಳ ಎಣಿಕೆ ಎರಡರಲ್ಲೂ ಒಂದೇ ಆದ್ದರಿಂದ ಉಪಕರಣ ಎಷ್ಟೇ ನಿಖರವಾಗಿದ್ದರೂ ತೂಕದಿಂದ ಬೇರ್ಪಡಿಸಲಾಗದು. ಅಣುವನ್ನು ಒಡೆದು ನೋಡಬೇಕು: 64 ಘಟಕ ಕಳೆದುಕೊಂಡರೆ ಆಕ್ಸಿಡೀಕೃತ ಮೆಥಿಯೊನೀನ್, 136ರಲ್ಲಿ ಚೂರು ಕಂಡರೆ ಟೈರೋಸಿನ್.

ಹೃದಯದಾಚೆಗೂ ಪೆಪ್ಟೈಡ್‌ಗಳಿಗೆ ಕೆಲಸವಿದೆ. ವಿಸರ್ಜನಾಂಗಕ್ಕೆ ಅಂಟಿಕೊಂಡು ಹೊರದ್ರವದ ಕ್ಲೋರೈಡನ್ನು ಗ್ರಹಿಸುವ ನೆಫ್ರಿಡಿಯಲ್ ನರಕೋಶದಲ್ಲೂ ಈ ಆರ್‌ಎಫ್‌ಅಮೈಡ್ ಕುಟುಂಬ ಇದೆ, ಮತ್ತು ಆ ಪೆಪ್ಟೈಡ್ ಆ ಕೋಶದ ಚಟುವಟಿಕೆಯನ್ನೇ ಬದಲಿಸುತ್ತದೆ. ಆಕ್ಸಿಟೋಸಿನ್, ವ್ಯಾಸೊಪ್ರೆಸಿನ್ ಬಳಗದ ಕೋನೊಪ್ರೆಸಿನ್ ಪರಿಣಾಮ ಇನ್ನೂ ಬೆರಗಿನದು. ಒಂಟಿ ಜಿಗಣೆಗೆ ಇದನ್ನು ಚುಚ್ಚಿದರೆ ಸಂಗಾತಿಯಿಲ್ಲದೆಯೂ ಕೂಡುವ ಮುನ್ನಿನ ಮೈತಿರುಚುವಿಕೆ ಶುರುವಾಗುತ್ತದೆ ಎಂದು 2010ರಲ್ಲಿ ವರದಿಯಾಯಿತು. ಆ ಲಯ 4, 5 ಮತ್ತು 6ನೇ ಗಂಟುಗಳಿಂದ ಹೊರಡುತ್ತದೆ, ಬಿಡಿಸಿದ ನರಹುರಿಯಲ್ಲೂ ಕಾಣುತ್ತದೆ. ಇದನ್ನು ಮಾಡಿ ನೋಡುವುದಾದರೆ ಮೇಲೆ ಹೇಳಿದ 5–10 ನಿಮಿಷದ ವೇಳಾಪಟ್ಟಿ ನಡೆಯುವುದಿಲ್ಲ. ಅದರ ಒಂದು ಆವರ್ತವೇ ಸುಮಾರು 5 ನಿಮಿಷ, ಹತ್ತು ಆವರ್ತ ಸಿಗಬೇಕೆಂದರೆ ಪೆಪ್ಟೈಡ್ ಇರುವಾಗಲೇ ಒಂದು ಗಂಟೆಯಾದರೂ ದಾಖಲೆ ಓಡಬೇಕು. ನಿಧಾನದ ಏರಿಳಿತವನ್ನು ತೊಡೆದುಹಾಕುವ ಫಿಲ್ಟರ್ ಆಂಪ್ಲಿಫೈಯರ್‌ನಲ್ಲಿ ಇದ್ದರೆ ಸ್ಪೈಕ್‌ಗಳ ವೇಗವನ್ನು 10 ಸೆಕೆಂಡಿಗೊಮ್ಮೆ ಎಣಿಸಿ ಗ್ರಾಫ್ ಹಾಕಿ, ಲಯ ಕಾಣುವುದು ಅದರಲ್ಲಿ.